ಟೇಕಲ್‌ನ ಕಲ್ಲುಪುಡಿ ಮತ್ತು ಇಂಗಾಲದ ಚಕ್ರ: ಒಂದು ಅಭ್ಯಾಸ ಪಾಠ

ಟೇಕಲ್ ಸಮೀಪದ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಗೆ ‘ಇಂಗಾಲದ ಚಕ್ರ’ ನನ್ನ ಅಭ್ಯಾಸ ಪಾಠವಾಗಿತ್ತು. ಕಿಟಕಿಯಾಚೆ ಬಂಡೆಗಳ ಬೆಟ್ಟವೇ ಇರುವಾಗ ದೂರದ ಉದಾಹರಣೆ ಏಕೆಂದು ಶಿಲೆಗಳ ಶಿಥಿಲೀಕರಣದಿಂದಲೇ ಆರಂಭಿಸಿದೆ.

ಮಳೆನೀರು ಗಾಳಿಯ ಹಾಗೂ ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ದುರ್ಬಲ ಕಾರ್ಬಾನಿಕ್ ಆಮ್ಲವಾಗುತ್ತದೆ. ಅದು ಶಿಲೆಯಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಿಲಿಕೇಟುಗಳೊಡನೆ ವರ್ತಿಸಿದಾಗ ಇಂಗಾಲವು ಬೈಕಾರ್ಬೊನೇಟ್ ಆಗಿ ಹೊಳೆಯ ಮೂಲಕ ಸಮುದ್ರ ಸೇರಿ ಸಾವಿರಾರು ವರ್ಷ ಉಳಿಯುತ್ತದೆ. ಪ್ರಕೃತಿಯಲ್ಲಿ ಇದು ಬಹಳ ನಿಧಾನ. ಬಸಾಲ್ಟ್ ಶಿಲೆಯನ್ನು ನುಣ್ಣಗೆ ಪುಡಿಮಾಡಿ ಹೊಲಕ್ಕೆ ಹರಡಿದರೆ ಮೇಲ್ಮೈ ಹೆಚ್ಚಿ ವೇಗವೂ ಹೆಚ್ಚುತ್ತದೆ. ಛತ್ತೀಸಗಢ, ಮಧ್ಯಪ್ರದೇಶಗಳ ಸಣ್ಣ ರೈತರ ಜಮೀನಿನಲ್ಲಿ ಇದನ್ನು ಮಾಡುತ್ತಿರುವ ಮಾತಿ ಕಾರ್ಬನ್ ಸಂಸ್ಥೆಗೆ 2025ರಲ್ಲಿ 5 ಕೋಟಿ ಡಾಲರಿನ ಎಕ್ಸ್‌ಪ್ರೈಜ್ ಬಂತು.

ಇಲ್ಲಿಯವರೆಗೆ ಸರಿ. ಪಾಠ ಯೋಜನೆಯಲ್ಲಿ ಮುಂದೆ, ‘ನಮ್ಮೂರ ಕ್ರಷರ್ ಪುಡಿಯನ್ನೂ ಹೀಗೆ ಬಳಸಬಹುದು’ ಎಂದು ಬರೆದಿದ್ದೆ. ಹಾಗೇ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು: “ಮಿಸ್, ಕ್ರಷರ್ ಧೂಳು ಕೂತ ಸೊಪ್ಪನ್ನ ನಮ್ಮನೆ ರೇಷ್ಮೆಹುಳ ತಿನ್ನಲ್ಲ. ಅದನ್ನೇ ಹೊಲಕ್ಕೆ ಹಾಕ್ಬೇಕಾ?”

ಉತ್ತರ ಇರಲಿಲ್ಲ. “ನಾಳೆ ಹೇಳ್ತೀನಿ” ಎಂದು ಕೂರಿಸಿದೆ.

ರಾತ್ರಿ ಓದಿದಾಗ ನನ್ನ ತಪ್ಪು ತಿಳಿಯಿತು. ಗ್ರಾನೈಟಿನಲ್ಲಿ ಬಹುಪಾಲು ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್. ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ. ಕ್ವಾರ್ಟ್ಜ್ ಕರಗುವುದಿಲ್ಲವೆಂದೇ ಹೇಳಬೇಕು, ಅದರ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಬರುತ್ತದೆ. ಬಸಾಲ್ಟ್ ಇರುವುದು ವಿಜಯಪುರ, ಬೆಳಗಾವಿಯ ಎರೆಭೂಮಿಯ ಕಡೆ.

ಮರುದಿನ ಅಂಗಡಿಯ ಸೋಡಾಕ್ಕೆ ಗ್ರಾನೈಟ್ ಪುಡಿ ಹಾಕಿ ಪಿಎಚ್ ಕಾಗದದಿಂದ ನೋಡುವ ಚಟುವಟಿಕೆ ಇಟ್ಟುಕೊಂಡೆ. ನಮ್ಮ ಮಾರ್ಗದರ್ಶಕರು ಮೊದಲೇ ತಡೆದರು: ಸೋಡಾದ ಗ್ಯಾಸ್ ತಾನಾಗಿ ಹೋದರೂ ಪಿಎಚ್ ಏರುತ್ತದಲ್ಲ? ಹೀಗಾಗಿ ಬಿಗಿಯಾಗಿ ಮುಚ್ಚಿದ ಮೂರು ಬಾಟಲಿ ಇಟ್ಟೆವು: ಬರೀ ಸೋಡಾ, ಗ್ರಾನೈಟ್ ಪುಡಿ, ಮೊಟ್ಟೆಚಿಪ್ಪಿನ ಪುಡಿ. ಒಂದು ದಿನದ ನಂತರ ಮೊದಲೆರಡರ ಬಣ್ಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ಮೂರನೆಯದರಲ್ಲಿ ಕಂಡಿತು. ಚಿಪ್ಪು ಸಿಲಿಕೇಟ್ ಅಲ್ಲ, ಕಾರ್ಬೊನೇಟ್ ಎಂಬುದನ್ನು ಬಿಡಿಸಿ ಹೇಳಬೇಕಾಯಿತು.

ಆಗ ಒಬ್ಬ ಹುಡುಗ, “ಕೆಜಿಎಫ್ ಸೈನೈಡ್ ದಿಬ್ಬ ಆಗುತ್ತಾ ಮಿಸ್?” ಎಂದ. ಪ್ರಶ್ನೆ ಒಳ್ಳೆಯದೇ. ಅಲ್ಲಿಯ ಆಂಫಿಬೊಲೈಟ್ ಶಿಲೆಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದೆ, ಆಗಲೇ ಪುಡಿಯೂ ಆಗಿದೆ. ಆದರೆ ಅದು ಸೈನೈಡ್ ಬಳಸಿ ಚಿನ್ನ ತೆಗೆದ ಉಳಿಕೆ, ಹೊಲಕ್ಕೆ ಹಾಕುವಂಥದ್ದಲ್ಲ.

ಒಂದು ಅವಧಿಯ ಪಾಠ ಎರಡಾಯಿತು, ಸಮಯ ಪಾಲನೆಯಲ್ಲಿ ಅಂಕ ಹೋಯಿತು. ಕ್ರಷರ್ ಪುಡಿಯ ವಾಕ್ಯವನ್ನು ಹೊಡೆದುಹಾಕಿ ಆ ಜಾಗದಲ್ಲಿ ಹುಡುಗಿಯ ಪ್ರಶ್ನೆಯನ್ನೇ ಬರೆದುಕೊಂಡಿದ್ದೇನೆ.