ಪದವಿನ ಮೇಲಿನ ವಿಮಾನ ನಿಲ್ದಾಣ

ದಕ್ಷಿಣ ಕನ್ನಡ ಜಿಲ್ಲೆಯ ನೆಲ ಸಮತಟ್ಟಾದುದಲ್ಲ. ಪಶ್ಚಿಮ ಘಟ್ಟದ ಬುಡದಿಂದ ಕಡಲಿನವರೆಗೂ ಅದು ಗುಡ್ಡವಾಗಿ ಏರುತ್ತ, ಕಣಿವೆಯಾಗಿ ಇಳಿಯುತ್ತ ಸಾಗುತ್ತದೆ. ಕಣಿವೆಯ ತಳದಲ್ಲಿ ಬತ್ತದ ಗದ್ದೆ, ಅದರ ಅಂಚಿನಲ್ಲಿ ಅಡಕೆ ತೆಂಗುಗಳ ತೋಟ, ಮೇಲೆ ಮುರಕಲ್ಲಿನ ಗುಡ್ಡ. ಅಲ್ಲಿನ ಊರುಗಳ ಸಾಮಾನ್ಯ ರಚನೆಯೇ ಹೀಗೆ. ಈ ಗುಡ್ಡಗಳಲ್ಲಿ ಕೆಲವು ನೆತ್ತಿಯಲ್ಲಿ ಮೊನಚಾಗಿರದೆ ಹಾಸಿದ ಜಮಖಾನೆಯಂತೆ ಹರಡಿಕೊಂಡಿರುತ್ತವೆ. ಅಂತಹ ಎತ್ತರದ ಬಯಲನ್ನು ಆ ಕಡೆಯ ಜನರು ‘ಪದವು’ ಎಂದು ಕರೆಯುತ್ತಾರೆ. ಮಳೆಗಾಲದಲ್ಲಿ ಹಸುರು ಹುಲ್ಲು ಹೊದೆದು, ಬೇಸಗೆಯಲ್ಲಿ ಕಾದ ಹಂಚಿನಂತಾಗುವ ಈ ಪದವುಗಳಲ್ಲಿ ಬೇಸಾಯ ಸುಲಭವಲ್ಲ. ಆದರೆ ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ, ಮಂಗಳೂರಿನಿಂದ ಈಶಾನ್ಯಕ್ಕೆ ಸುಮಾರು 13 ಕಿಲೋಮೀಟರು ದೂರದ ಬಜಪೆಯ ಬಳಿ ಇದ್ದ ಪದವಿಗೆ ಯಾರೂ ಎಣಿಸದಿದ್ದ ಒಂದು ಪ್ರಯೋಜನ ಒದಗಿಬಂದಿತು. ಅಲ್ಲಿ ವಿಮಾನಗಳು ಇಳಿಯತೊಡಗಿದವು.

1951ನೆಯ ಇಸವಿ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಡಗ್ಲಾಸ್ ಡಿಸಿ-3 ಎಂಬ ವಿಮಾನದಲ್ಲಿ ಬಂದಿಳಿದುದರೊಡನೆ ಈ ನಿಲ್ದಾಣ ಆರಂಭವಾಯಿತು. ಆಗ ಈ ಜಿಲ್ಲೆ ಮದರಾಸು ರಾಜ್ಯಕ್ಕೆ ಸೇರಿತ್ತು. ಕನ್ನಡ ಪ್ರದೇಶಗಳು ಒಂದಾದದ್ದು 1956ರಲ್ಲಿ. ಅಂದಿನ ಪ್ರಯಾಣದ ಪಾಡನ್ನು ನೆನೆದರೆ ವಿಮಾನದ ಬೆಲೆ ತಿಳಿಯುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗಬೇಕಾದವರು ಘಟ್ಟದ ತಿರುವುಗಳನ್ನು ಹತ್ತಬೇಕಾಗಿತ್ತು. ಹಾಸನದಿಂದ ಮಂಗಳೂರಿಗೆ ರೈಲುಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಕರಾವಳಿಯುದ್ದಕ್ಕೂ ಮುಂಬಯಿಯ ಕಡೆಗೆ ಸಾಗುವ ಕೊಂಕಣ ರೈಲುಮಾರ್ಗ ಉದ್ಘಾಟನೆಯಾದದ್ದು 1998ರಲ್ಲಿ. ಅಂದರೆ ಈ ನಾಡಿಗೆ ಮುಂಬಯಿಯ ನೇರವಾದ ರೈಲು ಬರುವುದಕ್ಕೆ ಸುಮಾರು ನಾಲ್ವತ್ತಾರು ವರ್ಷ ಮೊದಲೇ ವಿಮಾನ ಬಂದಿತ್ತು! ಹೋಟೆಲು, ಬ್ಯಾಂಕು, ವ್ಯಾಪಾರ ಎಂದು ಮುಂಬಯಿಯೊಡನೆ ಬದುಕನ್ನು ಹೆಣೆದುಕೊಂಡಿದ್ದ ಜನರಿಗೆ ಇದು ಸಣ್ಣ ಸಂಗತಿಯಲ್ಲ.

ವಿಮಾನಗಳು ಓಡಿ ಮೇಲೇರುವ ಮತ್ತು ಇಳಿದು ಓಡಿ ನಿಲ್ಲುವ ಹಾದಿಗೆ ರನ್‌ವೇ ಎಂದು ಹೆಸರು. ಬಜಪೆಯ ಮೊದಲ ರನ್‌ವೇಯ ಉದ್ದ 1,615 ಮೀಟರು. ಡಿಸಿ-3ರಂತಹ ಹಗುರವಾದ ವಿಮಾನಕ್ಕೆ ಅಷ್ಟು ಧಾರಾಳವಾಗಿ ಸಾಕು. ಆದರೆ ಜೆಟ್ ವಿಮಾನಗಳ ಕಾಲ ಬಂದಾಗ ಲೆಕ್ಕವೇ ಬದಲಾಯಿತು. ಜೆಟ್ ವಿಮಾನ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 70 ಮೀಟರು ವೇಗದಲ್ಲಿರುತ್ತದೆ. ನಾವು ಹತ್ತು ಎಣಿಸುವುದರೊಳಗೆ ಅದೇ ವೇಗದಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಕಳೆದುಹೋಗುತ್ತದೆ. ಬಯಲುಸೀಮೆಯ ನಿಲ್ದಾಣದಲ್ಲಿ ವಿಮಾನ ರನ್‌ವೇಯನ್ನು ದಾಟಿ ಮುಂದೆ ಹೋದರೆ ಹೊಲಕ್ಕೆ ನುಗ್ಗಿ ಕೆಸರಿನಲ್ಲಿ ಹೂತುಕೊಳ್ಳಬಹುದು. ಸಮುದ್ರಮಟ್ಟಕ್ಕಿಂತ 103 ಮೀಟರು ಎತ್ತರದಲ್ಲಿರುವ ಬಜಪೆಯ ಪದವಿನಲ್ಲಿ ಹಾಗಲ್ಲ. ಅಲ್ಲಿ ರನ್‌ವೇ ಮುಗಿದ ಸ್ವಲ್ಪ ದೂರದಲ್ಲಿಯೇ ನೆಲವೂ ಮುಗಿಯುತ್ತದೆ. ಆಚೆಗೆ ಇರುವುದು ಕಣಿವೆ. ಇಂತಹ ನಿಲ್ದಾಣಗಳನ್ನು ಮೇಜಿನ ಹಲಗೆಗೆ ಹೋಲಿಸಿ ‘ಟೇಬಲ್ ಟಾಪ್’ ನಿಲ್ದಾಣಗಳೆನ್ನುವುದು ರೂಢಿ. ಕೇರಳದ ಕೋಯಿಕ್ಕೋಡು, ಮಿಜೋರಾಂನ ಲೆಂಗ್ಪುಯಿ ಇವು ಇದೇ ಜಾತಿಯವು.

1981ರ ಆಗಸ್ಟ್ 19ರಂದು ಒಂದು ಬೋಯಿಂಗ್ 737 ವಿಮಾನ ಇಲ್ಲಿ ರನ್‌ವೇಯನ್ನು ದಾಟಿಹೋಗಿ ಕಣಿವೆಯ ಅಂಚಿನಲ್ಲಿ ನಿಂತಿತು. ಯಾರೂ ಸಾಯಲಿಲ್ಲ, ವಿಮಾನ ಮಾತ್ರ ಮತ್ತೆ ಹಾರಲಾರದಷ್ಟು ಜಖಂಗೊಂಡಿತು. ಇನ್ನಷ್ಟು ಉದ್ದವಾದ ಹಾದಿ ಬೇಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಘಟನೆ ಬೇಕಿರಲಿಲ್ಲ. ಆದರೂ 2,450 ಮೀಟರು ಉದ್ದದ ಎರಡನೆಯ ರನ್‌ವೇ ಬಳಕೆಗೆ ಬಂದದ್ದು 2006ರಲ್ಲಿ. ಅದೇ ವರ್ಷ ದುಬೈಗೆ ನೇರವಾದ ವಿಮಾನ ಸಂಚಾರವೂ ಮೊದಲಾಯಿತು. ದುಡಿಮೆಗಾಗಿ ಕೊಲ್ಲಿ ದೇಶಗಳಿಗೆ ಹೋದ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಸೀಮೆಯ ಮಕ್ಕಳು ಮುಂಬಯಿಯನ್ನು ಸುತ್ತದೆ ಮನೆಗೆ ಬರುವಂತಾಯಿತು.

ಹೊಸ ರನ್‌ವೇಯ ಒಂದು ತುದಿಯಲ್ಲಿ 06 ಎಂದೂ ಇನ್ನೊಂದು ತುದಿಯಲ್ಲಿ 24 ಎಂದೂ ಬರೆದಿದೆ. ಇವು ಕ್ರಮಸಂಖ್ಯೆಗಳಲ್ಲ, ದಿಕ್ಕುಗಳು. ಉತ್ತರದಿಂದ ಬಲಕ್ಕೆ ಎಣಿಸಿದಾಗ ಬರುವ ಕೋನದ ಕೊನೆಯ ಸೊನ್ನೆಯನ್ನು ಬಿಟ್ಟು ಈ ಅಂಕಿಗಳನ್ನು ಬರೆಯುತ್ತಾರೆ. 06 ಎಂದರೆ 60 ಡಿಗ್ರಿ, ಎಂದರೆ ಈಶಾನ್ಯದ ಕಡೆ. 24 ಎಂದರೆ 240 ಡಿಗ್ರಿ, ನೈಋತ್ಯದ ಕಡೆ. ವಿಮಾನ ಗಾಳಿಗೆ ಎದುರಾಗಿ ಇಳಿದರೆ ಬೇಗ ನಿಲ್ಲುವುದರಿಂದ, ಗಾಳಿ ಬೀಸುವ ದಿಕ್ಕನ್ನು ನೋಡಿ ಯಾವ ತುದಿಯಿಂದ ಬರಬೇಕೆಂಬುದನ್ನು ನಿರ್ಧರಿಸಲಾಗುತ್ತದೆ.

ಇಳಿಯುವ ವಿಮಾನ ಮನಸ್ಸಿಗೆ ಬಂದಂತೆ ಕೆಳಗೆ ಬರುವುದಿಲ್ಲ. ಅದು ನೆಲಕ್ಕೆ ಸುಮಾರು 3 ಡಿಗ್ರಿ ಕೋನದಲ್ಲಿ ಎಳೆದ, ಕಣ್ಣಿಗೆ ಕಾಣದ ಒಂದು ಇಳಿಜಾರಿನಲ್ಲಿ ಬರಬೇಕು. ತ್ರಿಕೋನಮಿತಿಯ ಪರಿಚಯವಿರುವವರು ಲೆಕ್ಕ ಹಾಕಿ ನೋಡಬಹುದು: ಈ ಕೋನದಲ್ಲಿ ಒಂದು ಕಿಲೋಮೀಟರು ಮುಂದೆ ಸಾಗಿದರೆ ಸುಮಾರು 52 ಮೀಟರು ಕೆಳಗಿಳಿದಂತಾಗುತ್ತದೆ. ಇಳಿಯುವ ಸ್ಥಳದಿಂದ 10 ಕಿಲೋಮೀಟರು ದೂರದಲ್ಲಿರುವ ವಿಮಾನ ನಿಲ್ದಾಣದ ಮಟ್ಟಕ್ಕಿಂತ ಸುಮಾರು 520 ಮೀಟರು ಮೇಲಿರಬೇಕು. ಅದಕ್ಕಿಂತ ಬಹಳ ಮೇಲಿದ್ದರೆ ನೆಲ ಮುಟ್ಟುವಷ್ಟರಲ್ಲಿ ರನ್‌ವೇಯ ಎಷ್ಟೋ ಪಾಲು ಹಿಂದೆ ಉಳಿದಿರುತ್ತದೆ. ಚಾಲಕನಿಗೆ ನೆರವಾಗಲೆಂದು ರನ್‌ವೇಯ ಪಕ್ಕದಲ್ಲಿ ನಾಲ್ಕು ದೀಪಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಎರಡು ಬಿಳಿಯಾಗಿ ಎರಡು ಕೆಂಪಾಗಿ ಕಂಡರೆ ಇಳಿಜಾರು ಸರಿಯಾಗಿದೆ. ನಾಲ್ಕೂ ಬಿಳಿಯಾದರೆ ವಿಮಾನ ತೀರ ಮೇಲಿದೆ. ನಾಲ್ಕೂ ಕೆಂಪಾದರೆ ತೀರ ಕೆಳಗಿದೆ. ಇಷ್ಟು ಸರಳವಾದ ಉಪಾಯ ಎಷ್ಟು ಜೀವಗಳನ್ನು ಕಾಪಾಡಿದೆಯೋ!

ಲೆಕ್ಕ ತಪ್ಪಿದೆಯೆಂದು ಕಂಡಾಗ ಚಾಲಕ ಮಾಡಬೇಕಾದುದು ಒಂದೇ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿ, ಇಳಿಯುವುದನ್ನು ಕೈಬಿಟ್ಟು, ಮೇಲೇರಿ, ಸುತ್ತು ಹಾಕಿ ಮತ್ತೆ ಬರಬೇಕು. ಇದರಲ್ಲಿ ಅವಮಾನವೇನೂ ಇಲ್ಲ. ಹೀಗೆ ಮರಳಿದ ಚಾಲಕನನ್ನು ಅದಕ್ಕಾಗಿ ದಂಡಿಸಬಾರದೆಂಬ ನಿಯಮವೂ ಉಂಟು.

2010ರ ಮೇ 22ರ ಬೆಳಗಿನ ಜಾವ ದುಬೈಯಿಂದ 160 ಪ್ರಯಾಣಿಕರನ್ನೂ 6 ಮಂದಿ ಸಿಬ್ಬಂದಿಯನ್ನೂ ಹೊತ್ತ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯನ್ನು ಸಮೀಪಿಸುತ್ತಿತ್ತು. ನಿಲ್ದಾಣದ ರಡಾರ್ ಎರಡು ದಿನಗಳ ಹಿಂದೆ ಕೆಟ್ಟಿತ್ತು. ಆದುದರಿಂದ ಕೆಳಗಿಳಿಯಲು ಅನುಮತಿ ದೊರೆತದ್ದು ಎಂದಿಗಿಂತ ಹತ್ತಿರ ಬಂದ ಮೇಲೆ. ಮುಖ್ಯ ಚಾಲಕರು ಹಾದಿಯ ಬಹುಭಾಗವನ್ನು ನಿದ್ರೆಯಲ್ಲಿ ಕಳೆದು ಎಚ್ಚತ್ತಿದ್ದರು. ನಿದ್ರೆ ತಿಳಿದೆದ್ದವನ ಬುದ್ಧಿ ಕೆಲವು ಹೊತ್ತು ಮಂಕಾಗಿರುತ್ತದೆ ಎಂಬುದನ್ನು ಬಲ್ಲವರೇ ಬಲ್ಲರು. ವಿಮಾನ ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡರಷ್ಟು ಮೇಲಿತ್ತು. ಮೇಲೇರಿ ಹೋಗೋಣವೆಂದು ಸಹಚಾಲಕರು ಮೂರು ಬಾರಿ ಎಚ್ಚರಿಸಿದರು. ಆದರೆ ಈ ಕಷ್ಟದ ನಿಲ್ದಾಣದಲ್ಲಿ ವಿಮಾನವನ್ನು ಮುಖ್ಯ ಚಾಲಕರೇ ಇಳಿಸಬೇಕೆಂಬ ಕಟ್ಟುಪಾಡಿತ್ತು. ಎಚ್ಚರಿಸಿದವರ ಕೈಯಲ್ಲಿ ವಿಮಾನವಿರಲಿಲ್ಲ. ಅನುಭವಿಯ ಕೈಗೆ ಹೊಣೆ ಒಪ್ಪಿಸಿದ ಕಟ್ಟುಪಾಡು ಒಳ್ಳೆಯದೇ, ಆದರೆ ಕಿರಿಯನ ಮಾತಿಗೆ ಕಿವಿಗೊಡಬೇಕೆಂಬ ಕಟ್ಟುಪಾಡು ಅದಕ್ಕಿಂತ ಹೆಚ್ಚು ಬೇಕಾಗಿತ್ತು.

ವಿಮಾನ ನೆಲವನ್ನು ಮುಟ್ಟಿದಾಗ ರನ್‌ವೇಯ ಸುಮಾರು 1,585 ಮೀಟರು ಹಿಂದೆ ಸರಿದಿತ್ತು. ಉಳಿದದ್ದು ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಆಗಲೂ ಬ್ರೇಕುಗಳನ್ನು ಕೂಡಲೆ ಪೂರ್ಣವಾಗಿ ಒತ್ತಿ, ಹಿನ್ನೂಕುವ ಎಂಜಿನ್ ಶಕ್ತಿಯನ್ನು ಬಳಸಿದ್ದರೆ ರನ್‌ವೇಯೊಳಗೇ ನಿಲ್ಲಿಸಬಹುದಾಗಿತ್ತೆಂದು ಮುಂದೆ ನಡೆದ ವಿಚಾರಣೆಯ ವರದಿ ತಿಳಿಸಿತು. ಚಾಲಕರು ಬ್ರೇಕು ಹಾಕಿದ ಮೇಲೆ ಮನಸ್ಸು ಬದಲಿಸಿ ಮತ್ತೆ ಹಾರಲು ಯತ್ನಿಸಿದರು. ಆ ಹೊತ್ತಿಗೆ ಎರಡಕ್ಕೂ ಕಾಲ ಮೀರಿತ್ತು. ವಿಮಾನದ ರೆಕ್ಕೆ ರನ್‌ವೇಯಾಚೆಗೆ ಕಾಂಕ್ರೀಟಿನ ಆಧಾರದ ಮೇಲೆ ನಿಲ್ಲಿಸಿದ್ದ ಆಂಟೆನಾಕ್ಕೆ ಬಡಿಯಿತು. ವಿಮಾನ ಕೆಂಜಾರಿನ ಕಣಿವೆಗೆ ಉರುಳಿ ಹೊತ್ತಿಕೊಂಡಿತು. 158 ಮಂದಿ ಅಸುನೀಗಿದರು. ಬದುಕಿದವರು 8 ಮಂದಿ. ನಿಲ್ದಾಣದ ಹೊರಗೆ ತಮ್ಮವರನ್ನು ಕರೆದೊಯ್ಯಲು ಬಂದಿದ್ದವರ ಸ್ಥಿತಿಯನ್ನು ವರ್ಣಿಸುವುದು ಬೇಡ.

ರನ್‌ವೇಯ ತುದಿಯಿಂದಾಚೆಗೆ ಕಾಯ್ದಿರಿಸುವ ಸುರಕ್ಷಾಭೂಮಿ ಅಲ್ಲಿ ಕನಿಷ್ಠ ನಿಯಮದಂತೆ 90 ಮೀಟರು ಇತ್ತು. 240 ಮೀಟರು ಇರುವುದು ಲೇಸೆಂಬುದು ಅಂತರರಾಷ್ಟ್ರೀಯ ಸಲಹೆ. ಬಯಲಿನಲ್ಲಿ ಇದು ಬೇಲಿಯನ್ನು ಹಿಂದಕ್ಕೆ ಸರಿಸುವ ಕೆಲಸ; ಪದವಿನಲ್ಲಿ ಕಣಿವೆಯನ್ನೇ ತುಂಬಬೇಕಾದ ಕೆಲಸ. 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ, ಇಂಥದೇ ಗುಡ್ಡದ ಮೇಲೆ, ಸುರಿಯುವ ಮಳೆಯಲ್ಲಿ ಇಳಿದ ವಿಮಾನ ಅಂಚನ್ನು ದಾಟಿ ಬಿದ್ದು 21 ಮಂದಿ ಮಡಿದಾಗ ಈ ಚರ್ಚೆ ಮತ್ತೆ ಮೊದಲಾಯಿತು.

ಬಜಪೆಯ ನಿಲ್ದಾಣದ ಆಡಳಿತ 2020ರ ಅಕ್ಟೋಬರ್ 31ರಂದು ಸರಕಾರದ ಪ್ರಾಧಿಕಾರದಿಂದ ಅದಾನಿ ಸಂಸ್ಥೆಗೆ ಹಸ್ತಾಂತರವಾಯಿತು; ಆಗಸದ ಸಂಚಾರವನ್ನು ನಿಯಂತ್ರಿಸುವ ಹೊಣೆ ಪ್ರಾಧಿಕಾರದಲ್ಲಿಯೇ ಉಳಿಯಿತು. 2023ರ ಮೊದಲ ತಿಂಗಳುಗಳಲ್ಲಿ ಹಗಲು ಹೊತ್ತು ವಿಮಾನ ಸಂಚಾರವನ್ನು ನಿಲ್ಲಿಸಿ, ಕಾಂಕ್ರೀಟಿನ ರನ್‌ವೇಯ ಮೇಲೆ ಡಾಂಬರಿನ ಹೊಸ ಪದರವನ್ನು ಹಾಸಲಾಯಿತು. ಬೆಳಗ್ಗೆ ಒಂಬತ್ತೂವರೆಗೆ ಮುಚ್ಚಿ ಕೆಲಸ ಮಾಡುವುದು, ಸಂಜೆ ಆರಕ್ಕೆ ಮತ್ತೆ ವಿಮಾನಗಳಿಗೆ ಬಿಟ್ಟುಕೊಡುವುದು. ದಿನದಿನವೂ ಹೀಗೆ ನಡೆಯಿತು. ಉದ್ದವಾದ ಹಾದಿ ಇದೊಂದೇ ಆದುದರಿಂದ ಬೇರೆ ಉಪಾಯವಿರಲಿಲ್ಲ.

ಮಳೆಗಾಲಕ್ಕೆ ಮೊದಲೇ ಈ ಕೆಲಸ ಮುಗಿಯಬೇಕಾಗಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯದು. ಹಾದಿಯ ಮೇಲೆ ನೀರು ತೆಳ್ಳಗೆ ನಿಂತರೂ ಗಾಲಿಗಳು ನೆಲದ ಹಿಡಿತವನ್ನು ಕಳೆದುಕೊಂಡು ಜಾರುತ್ತವೆ. ಆಟಿ ತಿಂಗಳಲ್ಲಿ ಮೋಡ ಪದವಿನ ಮೇಲೆಯೇ ಕುಳಿತುಬಿಡುವುದುಂಟು. ಆಗ ವಿಮಾನ ಇಳಿಜಾರಿನಲ್ಲಿ ಬರುತ್ತ ಬರುತ್ತ, ಗೊತ್ತುಪಡಿಸಿದ ಎತ್ತರಕ್ಕೆ ತಲಪಿದರೂ ದೀಪಗಳು ಕಾಣದಿದ್ದರೆ, ಮತ್ತೆ ಮೇಲೇರುತ್ತದೆ. ಕೆಲವು ಸುತ್ತು ಕಾದು ನೋಡಿ, ಮಳೆ ಬಿಡದಿದ್ದರೆ ಬೆಂಗಳೂರಿಗೋ ಕೊಚ್ಚಿಗೋ ಹೋಗಿ ಇಳಿಯುತ್ತದೆ. ಅದಕ್ಕೆ ಬೇಕಾದ ಇಂಧನವನ್ನು ಹೊರಡುವಾಗಲೇ ತುಂಬಿಕೊಂಡಿರುತ್ತದೆ. ಒಳಗೆ ಕುಳಿತವರು ಗೊಣಗಬಹುದು, ನಿಲ್ದಾಣದಲ್ಲಿ ಕಾಯುವವರು ಗಡಿಯಾರ ನೋಡಬಹುದು. ಬಜಪೆಯ ಮನೆಗಳಲ್ಲಿರುವವರಿಗೆ ಮಾತ್ರ, ಮಳೆಯ ಸದ್ದಿನ ನಡುವೆ ಎಂಜಿನ್ನಿನ ಸದ್ದು ಹತ್ತಿರವಾಗಿ, ಒಮ್ಮೆಲೇ ಜೋರಾಗಿ, ಮತ್ತೆ ಮೋಡದೊಳಗೆ ದೂರವಾಗುವುದು ಕೇಳಿಸುತ್ತದೆ.