ಹಳೇ ಕಂಪ್ಯೂಟರ್‌ನ ತೋಟದ ಲೆಕ್ಕ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೀತಿಲ್ವಾ?

ಯಲಹಂಕದ ಹತ್ತಿರ ನಮ್ಮದು ಬೆಂಗಳೂರು ಬ್ಲೂ ದ್ರಾಕ್ಷಿ ತೋಟ. ಯಾವ ಮಳೆಗೆ ಡೌನಿ ರೋಗ ಬಂತು, ಯಾವತ್ತು ಯಾವ ಔಷಧಿ ಹೊಡೆದ್ವಿ ಅನ್ನೋದನ್ನೆಲ್ಲ ಅಪ್ಪ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್‌ನಲ್ಲಿ ಬರೆದಿಟ್ಟಿದ್ದರು. ನನ್ನ ವಿಂಡೋಸ್ 10 ಲ್ಯಾಪ್‌ಟಾಪ್ ಅದೇ ರೌಟರ್‌ನಲ್ಲಿದ್ದರೂ ಆ ಫೋಲ್ಡರ್ ತೆರೀಲಿಲ್ಲ.

ಮೊದಲು ಪಿಂಗ್ ಮಾಡಿ ನೋಡಿದೆ, ಉತ್ತರ ಬಂತು. ಅಂದ್ರೆ ವೈರು, ರೌಟರ್ ಸರಿ ಇದೆ. ತೊಂದರೆ ಭಾಷೆಯದು. ಫೈಲ್ ಹಂಚೋಕೆ ಎಕ್ಸ್‌ಪಿಗೆ ಗೊತ್ತಿರೋದು ಎಸ್‌ಎಂಬಿ 1 ಮಾತ್ರ. 2017ರ ಮೇನಲ್ಲಿ ವಾನ್ನಾಕ್ರೈ ವೈರಸ್ ಹರಡಿದ್ದು ಇದರ ದೋಷದಿಂದಲೇ. ಅದೇ ವರ್ಷದ ಕೊನೆಯ ಆವೃತ್ತಿಯಿಂದ ವಿಂಡೋಸ್ 10 ಇದನ್ನು ಕೈಬಿಡುತ್ತಾ ಬಂದಿದೆ.

'ಎಸ್‌ಎಂಬಿ 1 ಆನ್ ಮಾಡು' ಅಂತ ಯಾರಾದ್ರೂ ಹೇಳಿದ್ರೆ ಮಾಡಬೇಡಿ. ಎಕ್ಸ್‌ಪಿಗೆ 2014ರಲ್ಲೇ ಬೆಂಬಲ ನಿಂತಿದೆ. ನಾನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಲ್ಯಾಪ್‌ಟಾಪ್‌ನಲ್ಲಿ ವೈರಸ್ ಸ್ಕ್ಯಾನ್ ಮಾಡಿಸಿ ಆಮೇಲೆ ತೆರೆದೆ. ಎಕ್ಸ್‌ಪಿಯ ನೆಟ್‌ವರ್ಕ್ ವೈರು ಕಿತ್ತಿಟ್ಟೆ.

ನಿಮ್ಮ ಹಳೇದು ವಿಂಡೋಸ್ 7 ಆಗಿದ್ರೆ ಅದಕ್ಕೆ ಎಸ್‌ಎಂಬಿ 2 ಗೊತ್ತು. ಹೀಗೆ ನೋಡಿ:

1. ವಿಂಡೋಸ್ 7ರಲ್ಲಿ ನೆಟ್‌ವರ್ಕ್ 'ಹೋಮ್', 10ರಲ್ಲಿ 'ಪ್ರೈವೇಟ್' ಇರಲಿ.
2. ಎರಡರಲ್ಲೂ ಫೈಲ್ ಶೇರಿಂಗ್ ಆನ್ ಇರಲಿ.
3. ಹಳೇದರ ಬಳಕೆದಾರ ಖಾತೆಗೆ ಪಾಸ್‌ವರ್ಡ್ ಇಡಿ. ಖಾಲಿ ಇದ್ರೆ ಒಳಗೆ ಬಿಡಲ್ಲ.
4. ಹೆಸರು ಕಾಣದಿದ್ರೆ ಐಪಿ ವಿಳಾಸ ಹಾಕಿ ತೆರೆಯಿರಿ.

ಹಾರ್ಡ್ ಡಿಸ್ಕ್ ಹೇಳಿ ಕೇಳಿ ಕೈಕೊಡಲ್ಲ. ವರ್ಷಗಳ ಲೆಕ್ಕದ ಇನ್ನೊಂದು ಪ್ರತಿ ಇವತ್ತೇ ಮಾಡಿಡಿ.