ಹುಡುಕುವಾಗ ‘ಳ’ ಮರೆಯಬೇಡಿ

ದೊಡ್ಡನೆಕ್ಕುಂದಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ತೋರಿಸುವುದು ಅಂಗಡಿಗಳ ಬೋರ್ಡು. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದು ಬೋರ್ಡಿನಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ. ಬೇಕರಿಯವರಿಗೆ ಒಂದೇ ‘ಕೆ’ ಸಾಕು, ಮೆಡಿಕಲ್ ಸ್ಟೋರಿನವರಿಗೆ ಎರಡು ಬೇಕು. ಒಬ್ಬರದ್ದು ‘ನಕುಂದಿ’, ಮತ್ತೊಬ್ಬರದ್ದು ‘ನೆಕುಂದಿ’. ಕೊನೆಯ ಅಕ್ಷರವನ್ನು ‘ಡಿ’ ಮಾಡಿ ಓದಿದರೆ ಆಟೋದವರು ಯಾಕೆ ನಗುತ್ತಾರೆ ಎಂಬುದನ್ನು ಮೂರನೇ ವಾರದ ಪಾಠದಲ್ಲಿ ಹೇಳುತ್ತೇನೆ. ಕನ್ನಡದ ಸಾಲನ್ನು ಓದಲು ಕಲಿತವರಿಗೆ ಈ ಗೋಜಲೇ ಇಲ್ಲ.

ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ನನ್ನ ಕ್ಲಾಸು. ಒತ್ತಕ್ಷರದವರೆಗೂ ಬಂದವರಿಗೆ ಒಂದು ಹೋಂವರ್ಕ್ ಕೊಡುತ್ತೇನೆ: ಒಂದು ಕನ್ನಡ ಪದ ಆರಿಸಿಕೊಂಡು, ಅದು ಹೆಸರಿನಲ್ಲೇ ಇರುವ ಹಾಡುಗಳ ಪ್ಲೇಲಿಸ್ಟ್ ಮಾಡಿಕೊಂಡು ಬನ್ನಿ. ಕೇಳಿದ ಕೂಡಲೇ ಎಲ್ಲರಿಗೂ ಸಲೀಸು ಅನ್ನಿಸುತ್ತದೆ. ಈ ಬರಹ ಆ ಹೋಂವರ್ಕಿಗೆ ಕೈಪಿಡಿ. ಅಕ್ಷರ ಕೂಡಿಸಿಕೊಂಡು ಓದುತ್ತಿರುವವರು ನಿಧಾನವಾಗಿಯೇ ಓದಿ, ಅವಸರವಿಲ್ಲ.

ಮೊದಲ ತೊಡಕು ‘ಹಾಡಿನ ಹೆಸರು’ ಎಂಬುದರಲ್ಲೇ ಇದೆ. ನಮ್ಮಲ್ಲಿ ಹಾಡಿಗೆ ಬೇರೆ ಹೆಸರಿಡುವ ರೂಢಿ ಕಡಿಮೆ. ಪಲ್ಲವಿಯ ಮೊದಲ ಎರಡು ಮೂರು ಪದಗಳೇ ಅದರ ಹೆಸರು. ದಾಸರ ಪದಗಳನ್ನು ಹೀಗೇ ಕರೆಯುತ್ತಾರೆ, ಸಿನಿಮಾ ಹಾಡುಗಳನ್ನೂ ಹೀಗೇ. ಕವಿತೆಗೆ ಪುಸ್ತಕದಲ್ಲಿ ಒಂದು ಶೀರ್ಷಿಕೆ ಇರುತ್ತದೆ, ರಾಗ ಹಾಕಿ ಹಾಡಿದ ಮೇಲೆ ಜನ ಅದನ್ನು ಪಕ್ಕಕ್ಕಿಟ್ಟು ಮೊದಲ ಸಾಲಿನಿಂದ ಗುರುತಿಸುತ್ತಾರೆ. ಹಾಗಾಗಿ ‘ಹೆಸರಿನಲ್ಲಿ ಈ ಪದ ಇರಲಿ’ ಎಂದರೆ ‘ಬಾಯಿ ತೆರೆದ ಕೂಡಲೇ ಈ ಪದ ಕೇಳಿಸಲಿ’ ಎಂದೇ ಅರ್ಥ. ಹೊಸಬರಿಗೆ ಇದರಿಂದ ದೊಡ್ಡ ಅನುಕೂಲ. ಪದ ಎಲ್ಲಿದೆ ಎಂದು ಹಾಡಿನ ತುಂಬ ಹುಡುಕಾಡಬೇಕಾಗಿಲ್ಲ.

ಇನ್ನು ಪದದ ಆಯ್ಕೆ. ‘ಪ್ರೀತಿ’ ಬೇಡ. ಅದನ್ನು ಹಿಡಿದು ಹೊರಟರೆ ಸಂಜೆಯಾದರೂ ಪಟ್ಟಿ ಮುಗಿಯುವುದಿಲ್ಲ, ಕಲಿಯುವುದೂ ಅಷ್ಟಕ್ಕಷ್ಟೆ. ನಾನು ಮೊದಲು ಕೊಡುವ ಪದ ‘ಮಳೆ’. ಎರಡೇ ಅಕ್ಷರ, ಒತ್ತಿಲ್ಲ, ಎಲ್ಲರಿಗೂ ಗೊತ್ತಿರುವ ವಸ್ತು. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಮುಳುಗಿ, ಸಾಫ್ಟ್‌ವೇರ್ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ನೋಡಿದವರಿಗಂತೂ ಈ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಉಚ್ಚಾರಣೆ ಮಾತ್ರ ಹೇಳಿಕೊಡಬೇಕು.

‘ಳ’ ಹೇಳುವುದು ಹೀಗೆ: ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ, ಅಂಗುಳಿನ ನಡುವಿಗೆ ತಾಗಿಸಿ, ಮುಂದಕ್ಕೆ ಚಿಮ್ಮಿಸಿ ಬಿಡಿ. ಹಲ್ಲಿನ ಹಿಂದೆ ತಾಗಿದರೆ ಅದು ‘ಲ’ ಆಗಿಬಿಡುತ್ತದೆ. ಒಡಿಶಾದವರಿಗೆ, ಮರಾಠಿಯವರಿಗೆ, ಪಂಜಾಬಿನವರಿಗೆ ಇದು ಕಷ್ಟವಲ್ಲ, ಅವರ ಬಾಯಲ್ಲಿ ಈ ಧ್ವನಿ ಮೊದಲೇ ಇದೆ. ಹಿಂದಿ, ಬಂಗಾಳಿ ಮಾತಾಡುವವರಿಗೆ ಎರಡು ವಾರ ಬೇಕು. ತಮಿಳಿನವರು, ಮಲಯಾಳದವರು ಇನ್ನೂ ಒಂದು ಹೆಜ್ಜೆ ಮುಂದೆ. ಹಳಗನ್ನಡದಲ್ಲಿ ಈ ಪದ ‘ಮೞೆ’ ಆಗಿತ್ತು. ನಾವು ಎಂದೋ ಕೈಬಿಟ್ಟ ಆ ‘ೞ’ ಅವರ ಬಾಯಲ್ಲಿ ಇವತ್ತಿಗೂ ಇದೆ. ಹಲಸೂರಿನ ಕಡೆಯಿಂದ ಬರುವ ತಮಿಳು ವಿದ್ಯಾರ್ಥಿನಿಯೊಬ್ಬರು ಮೊದಲ ದಿನವೇ, “ಮೇಡಂ, ಇದು ನಮ್ಮದೇ ಪದ ಅಲ್ವಾ?” ಎಂದಿದ್ದರು. ಹೌದು, ನಿಮ್ಮದೂ ಹೌದು ಎಂದೆ.

ಈಗ ಹುಡುಕಾಟ. ಇಲ್ಲಿ ಎಲ್ಲರೂ ಒಂದೇ ಗುಂಡಿಗೆ ಬೀಳುತ್ತಾರೆ. ಫೋನಿನ ಆಪ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎಂ, ಎ, ಎಲ್, ಇ ಎಂದು ಒತ್ತುತ್ತಾರೆ. ಆ ನಾಲ್ಕು ಅಕ್ಷರ ಇಂಗ್ಲಿಷಿನಲ್ಲಿ ‘ಗಂಡು’ ಎಂಬ ಪದವೂ ಹೌದಲ್ಲ? ಆಪ್ ಪಾಪ, ಗಂಡುದನಿಯ ಹಾಡುಗಳನ್ನು ತಂದು ಸುರಿಯುತ್ತದೆ. ಅದರಲ್ಲಿ ಕನ್ನಡವನ್ನು ಹೆಕ್ಕಿಕೊಂಡರೂ ಮಳೆ, ಮಲೆ, ಮಾಲೆ ಮೂರೂ ಕಲಸಿಕೊಂಡು ಕೂತಿರುತ್ತವೆ. ಮಳೆ ಆಕಾಶದಿಂದ ಬೀಳುವುದು, ಮಲೆ ಎಂದರೆ ಬೆಟ್ಟ, ಮಾಲೆ ಕೊರಳಿಗೆ ಹಾಕುವುದು. ಇಂಗ್ಲಿಷ್ ಕಾಗುಣಿತಕ್ಕೆ ಇವು ಒಂದೇ. ಅದಕ್ಕೇ ಕನ್ನಡ ಕೀಬೋರ್ಡ್ ಹಾಕಿಕೊಳ್ಳಿ ಎಂದು ನಾನು ಗೋಗರೆಯುವುದು.

ಒಮ್ಮೆ ಭುವನೇಶ್ವರದ ಹುಡುಗನೊಬ್ಬ ಹೀಗೆ ಹುಡುಕಿ ತಂದ ಪಟ್ಟಿಯನ್ನು ಕ್ಲಾಸಿನಲ್ಲಿ ಹಾಕಿದ. ಮೂರನೆಯ ಹಾಡಿಗೆ ಪಿಟೀಲು, ಗಿಟಾರು ಯಾವುದೂ ಕೇಳಿಸಲಿಲ್ಲ. ಖಣ್ ಖಣ್ ಎಂದು ಕಂಚಿನ ತಾಳ, ಅದರ ಹಿಂದೆ ನಾಲ್ಕಾರು ಗಂಡಸರ ಗಟ್ಟಿ ದನಿ. ಗೇಟಿನಲ್ಲಿದ್ದ ಸೆಕ್ಯೂರಿಟಿಯವರು, ಚಾಮರಾಜನಗರದ ಕಡೆಯವರು, ಬಾಗಿಲ ಹತ್ತಿರ ಬಂದು ನಿಂತರು. ಹಾಡು ಮುಗಿಯುವವರೆಗೂ ಟೋಪಿ ಕೈಯಲ್ಲಿ ಹಿಡಿದೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ, “ಇದು ಮಳೇದಲ್ಲ ಕನಮ್ಮ, ನಮ್ ಮಾದಪ್ಪಂದು” ಎಂದರು. ಮಲೆ ಮಹದೇಶ್ವರನ ಕಥೆ ಹಾಡುವ ದೇವರಗುಡ್ಡರು, ಅವರ ಕೈಯ ಕಂಸಾಳೆ, ಎಪ್ಪತ್ತೇಳು ಮಲೆಗಳ ಒಡೆಯ, ರಾತ್ರಿಯಿಡೀ ನಡೆಯುವ ಹಾಡಿಕೆ, ಎಲ್ಲವನ್ನೂ ಅವರೇ ಹತ್ತು ನಿಮಿಷ ವಿವರಿಸಿದರು. ನನ್ನ ಪಾಠ ಅಲ್ಲಿಗೆ ನಿಂತಿತು, ಒಳ್ಳೆಯದೇ ಆಯಿತು. ಆ ಹುಡುಗ ಈ ಜನ್ಮದಲ್ಲಿ ‘ಲ’ಕ್ಕೂ ‘ಳ’ಕ್ಕೂ ಇರುವ ವ್ಯತ್ಯಾಸ ಮರೆಯುವುದಿಲ್ಲ. ನಿಯಮದ ಪ್ರಕಾರ ಆ ಹಾಡನ್ನು ತೆಗೆಯಬೇಕಿತ್ತು. ಅವನು ತೆಗೆಯಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಸರಿ, ಹಾಡುಗಳು ಸಿಕ್ಕವು ಅಂತಿಟ್ಟುಕೊಳ್ಳಿ. ಯಾವುದರ ಹಿಂದೆ ಯಾವುದು? ಬಿಡುಗಡೆಯಾದ ವರ್ಷದ ಪ್ರಕಾರ ಜೋಡಿಸುವವರಿದ್ದಾರೆ, ಗಾಯಕರ ಪ್ರಕಾರ ಜೋಡಿಸುವವರೂ ಇದ್ದಾರೆ. ನಾನು ಹೇಳುವುದು ಬೇರೆ: ಮಳೆ ಬರುವ ಕ್ರಮದಲ್ಲೇ ಜೋಡಿಸಿ. ಮೊದಲು ಕರೆಯುವುದು, ಆಮೇಲೆ ಮೋಡ ಕಟ್ಟುವುದು, ಆಮೇಲೆ ಸುರಿಯುವುದು, ಕೊನೆಗೆ ನಿಲ್ಲುವುದು. ಹಾಗೆ ಇಟ್ಟಾಗ ಹಾಡಿನ ಹೆಸರುಗಳೇ ಒಂದರ ಹಿಂದೊಂದು ವ್ಯಾಕರಣದ ಪಾಠಗಳಾಗುತ್ತವೆ.

ಕರೆಯುವುದಕ್ಕೆ ಜನಪದವೇ ಆಗಬೇಕು. ‘ಹುಯ್ಯೋ ಹುಯ್ಯೋ ಮಳೆರಾಯ’ ನಮ್ಮ ಶಾಲೆಯ ಮಕ್ಕಳಿಗೂ ಬರುತ್ತದೆ. ಹೊಯ್ಯುವುದು ಎಂದರೆ ಸುರಿಯುವುದು, ಆಡುಮಾತಿನಲ್ಲಿ ಹುಯ್ಯುವುದು. ಕೊನೆಯ ‘ಓ’ ಗಮನಿಸಿ. ಅದು ಏಕವಚನದ ಸಲಿಗೆ. ಆಫೀಸಿನ ಮ್ಯಾನೇಜರಿಗೆ ‘ಬಾರೋ’ ಎಂದರೆ ಕೆಲಸ ಹೋದೀತು, ಮಳೆರಾಯ ದೇವರಾದರೂ ಅವನಿಗೆ ಹಾಗೆ ಹೇಳಬಹುದು. ದೇವರು, ತಾಯಿ, ಆಪ್ತ ಗೆಳೆಯ, ಇವರಿಗೆ ಏಕವಚನ. ಯಾರಿಗೆ ‘ನೀನು’, ಯಾರಿಗೆ ‘ನೀವು’ ಎಂದು ನೀವು ದಿನಾ ಕೇಳುವ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಮಳೆ ಕೈಕೊಟ್ಟ ವರ್ಷ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ಗುರ್ಜಿ’ ಆಡುತ್ತಾರೆ. ರೊಟ್ಟಿ ಸುಡುವ ಹಂಚಿನ ಮೇಲೆ ಗುರ್ಜಿಯ ಮೂರ್ತಿಯನ್ನು ಕೂರಿಸಿ, ಹುಡುಗನೊಬ್ಬನ ತಲೆಯ ಮೇಲಿಟ್ಟು ಮನೆಮನೆಗೆ ಹೋಗುತ್ತಾರೆ. ಮನೆಯವರು ತಂಬಿಗೆ ತುಂಬ ನೀರು ತಂದು ಸುರಿಯುತ್ತಾರೆ, ಹುಡುಗ ನಿಂತಲ್ಲೇ ಗಿರ್ರನೆ ತಿರುಗುತ್ತಾನೆ. ಮಳೆಗೆ ಹೀಗೆ ಹುಯ್ಯಬೇಕಪ್ಪ ಎಂದು ಮಾಡಿ ತೋರಿಸುವ ವಿಧಾನ ಅದು.

ಮುಂದಿನದು ‘ಮಳೆ ಬರುವ ಹಾಗಿದೆ’, 2008ರ ‘ಮೊಗ್ಗಿನ ಮನಸು’ ಚಿತ್ರದ ಹಾಡು. ‘ಹಾಗಿದೆ’ಯನ್ನು ಹಿಡಿದುಕೊಳ್ಳಿ, ದಿನಕ್ಕೆ ಹತ್ತು ಸಲ ಉಪಯೋಗಕ್ಕೆ ಬರುತ್ತದೆ. ಬಸ್ಸು ಬರೋ ಹಾಗಿದೆ, ಹಾಲು ಉಕ್ಕೋ ಹಾಗಿದೆ, ಕರೆಂಟು ಹೋಗೋ ಹಾಗಿದೆ. ನೋಡಿದರೆ ಹಾಗನ್ನಿಸುತ್ತದೆ, ಗ್ಯಾರಂಟಿ ಇಲ್ಲ. ಬೆಂಗಳೂರಿನ ಆಕಾಶದ ಬಗ್ಗೆ ಇದಕ್ಕಿಂತ ಗಟ್ಟಿಯಾಗಿ ಯಾರೂ ಏನೂ ಹೇಳಲಾರರು.

ಮೂರನೆಯದು ‘ಮುಂಗಾರು ಮಳೆಯೇ’. 2006ರ ಡಿಸೆಂಬರ್ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಚಿತ್ರದ್ದು, ಬರೆದವರು ನಿರ್ದೇಶಕ ಯೋಗರಾಜ ಭಟ್ಟರು. ಕೊನೆಯ ‘ಏ’ ಕೂಗಿ ಕರೆಯುವ ಪ್ರತ್ಯಯ: ಮಗುವೇ, ದೇವರೇ, ಮಳೆಯೇ. ‘ಮುಂಗಾರು’ ಎಂಬುದು ಮುಂ, ಕಾರು ಎರಡೂ ಸೇರಿ ಆದದ್ದು. ಇಲ್ಲಿ ಕಾರು ಎಂದರೆ ಮಳೆಗಾಲ, ರಿಂಗ್ ರೋಡಿನಲ್ಲಿ ನಿಂತಿರುವುದಲ್ಲ. ಕೂಡಿದಾಗ ‘ಕ’ ಹೋಗಿ ‘ಗ’ ಬಂತು. ಮಳೆ, ಕಾಲ ಸೇರಿ ಮಳೆಗಾಲ ಆಗುವುದೂ ಹೀಗೆಯೇ. ಶಾಲೆಯ ವ್ಯಾಕರಣದಲ್ಲಿ ಇದಕ್ಕೆ ಆದೇಶ ಸಂಧಿ ಎನ್ನುತ್ತಾರೆ, ನೀವು ಹೆಸರು ನೆನಪಿಟ್ಟುಕೊಳ್ಳದಿದ್ದರೂ ನಡೆಯುತ್ತದೆ. ಮುಂದೆ ಬರುವುದು ಮುಂಗಾರು, ಅದು ಹೋದ ಮೇಲೆ ಹಿಂಗಾರು.

ಸುರಿಯುವ ಜಾಗಕ್ಕೆ ಬಂದಾಗ ಪ್ರತಿ ಬ್ಯಾಚಿನಲ್ಲೂ ಒಂದು ಜಗಳ ಆಗುತ್ತದೆ. ‘ಮಳೆಯಲಿ ಜೊತೆಯಲಿ’ ಎಂಬ ಸಿನಿಮಾ ಇದೆ, 2009ರದ್ದು. ಚಿತ್ರದ ಹೆಸರಿನಲ್ಲಿ ಮಳೆ ಇದೆಯೆಂದು ಅದರ ಹಾಡುಗಳನ್ನೆಲ್ಲ ಸೇರಿಸಬಹುದೇ? ಆಗದು ಎಂಬುದು ನನ್ನ ಪಟ್ಟು. ಪಲ್ಲವಿಯಲ್ಲಿ ಪದ ಇರಬೇಕು. ಇಲ್ಲವಾದರೆ ಜಯಂತ ಕಾಯ್ಕಿಣಿಯವರು ‘ಮುಂಗಾರು ಮಳೆ’ಗೆ ಬರೆದ ‘ಅನಿಸುತಿದೆ’ಯೂ ಒಳಗೆ ಬರುತ್ತದೆ. ಅದು ಎಲ್ಲರಿಗೂ ಪ್ರಿಯವಾದ ಹಾಡೇ, ಆದರೆ ನಮ್ಮ ಆಟದ್ದಲ್ಲ. ಚಿತ್ರದ ಹೆಸರಿನಿಂದ ವ್ಯಾಕರಣ ಮಾತ್ರ ಎತ್ತಿಕೊಳ್ಳೋಣ. ಬರೆಯುವಾಗ ‘ಮಳೆಯಲ್ಲಿ’, ಮಾತಾಡುವಾಗ ‘ಮಳೇಲಿ’, ಹಾಡುವಾಗ ‘ಮಳೆಯಲಿ’. ಲಯಕ್ಕೆ ಭಾರವಾದರೆ ಕವಿಗಳು ಒತ್ತನ್ನು ಕಿತ್ತುಹಾಕುತ್ತಾರೆ. ಹಾಡು ಕೇಳಿ ಕಾಗುಣಿತ ಕಲಿಯಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಕೊನೆಯದಕ್ಕೆ ಸ್ವಲ್ಪ ಹೊತ್ತು ಕೊಡಿ. ‘ಮಳೆ ನಿಂತು ಹೋದ ಮೇಲೆ’, 2007ರ ‘ಮಿಲನ’ ಚಿತ್ರದ್ದು, ಸಾಹಿತ್ಯ ಕಾಯ್ಕಿಣಿಯವರದ್ದು. ಅವರು ಗೋಕರ್ಣದವರು. ಕರಾವಳಿಯಲ್ಲಿ ಹುಟ್ಟಿದವರಿಗೆ ಮಳೆಯ ಬಗ್ಗೆ ನಮ್ಮ ಬಯಲುಸೀಮೆಯವರಿಗಿಂತ ಹೆಚ್ಚು ತಿಳಿದಿರುತ್ತದೆ. ‘ಮಳೆ ನಿಂತ ಮೇಲೆ’ ಎಂದಿದ್ದರೂ ಅರ್ಥ ಆಗುತ್ತಿತ್ತು, ‘ಹೋದ’ ಯಾಕೆ ಬೇಕಿತ್ತು? ಆಡುಮಾತು ನೋಡಿ. ಮರೆತೆ ಎನ್ನುತ್ತೇವೆ, ಮರೆತೇ ಹೋಯ್ತು ಎನ್ನುತ್ತೇವೆ. ಲೋಟ ಒಡೀತು, ಒಡೆದು ಹೋಯ್ತು. ‘ಹೋಗು’ ಹಿಂದೆ ಬಂದು ಕೂತರೆ, ಆದದ್ದು ಆಯಿತು, ಇನ್ನು ಹಿಂದಕ್ಕೆ ಬಾರದು ಎಂಬ ಸಣ್ಣ ನಿಟ್ಟುಸಿರು ಸೇರಿಕೊಳ್ಳುತ್ತದೆ. ಹಾಡಿನ ದುಃಖವೆಲ್ಲ ಆ ಎರಡು ಅಕ್ಷರದಲ್ಲೇ ಶುರು. ಇನ್ನೊಂದು ಚಂದ: ಈ ಹೆಸರು ಮಳೆಯಿಂದ ಹೊರಟು ಮೇಲೆಯಲ್ಲಿ ಮುಗಿಯುತ್ತದೆ, ಒಂದು ಕೊನೆಯಲ್ಲಿ ‘ಳ’, ಇನ್ನೊಂದರಲ್ಲಿ ‘ಲ’. ನಾಲಿಗೆಗೆ ಇದಕ್ಕಿಂತ ಒಳ್ಳೆಯ ಕಸರತ್ತು ನನಗೆ ಗೊತ್ತಿಲ್ಲ. ದಿನಕ್ಕೆ ಐದು ಸಲ ಗಟ್ಟಿಯಾಗಿ ಹೇಳಿ.

ಮೂರು ವರ್ಷ, ಮೂರು ಸಿನಿಮಾ, ಮೂರು ಮಳೆ ಹಾಡು. ಮೂರಕ್ಕೂ ಸಂಗೀತ ಮನೋಮೂರ್ತಿಯವರದ್ದು. ಅವರು ಅಮೆರಿಕದಲ್ಲಿ ನೆಲೆಸಿ ತಂತ್ರಜ್ಞಾನ ಕಂಪನಿಗಳನ್ನು ಕಟ್ಟಿದವರು. ಇದನ್ನು ಹೇಳಿದಾಗ ನನ್ನ ಕ್ಲಾಸಿನ ಕೋಡಿಂಗ್ ಹುಡುಗರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ. ‘ಮುಂಗಾರು ಮಳೆಯೇ’ ಹಾಡಿದ ಸೋನು ನಿಗಮ್ ಹರಿಯಾಣದ ಫರೀದಾಬಾದಿನವರು. 2025ರ ಏಪ್ರಿಲ್‌ನಲ್ಲಿ ನಮ್ಮ ಈ ಪೂರ್ವ ಬೆಂಗಳೂರಿನಲ್ಲೇ ನಡೆದ ಕಾರ್ಯಕ್ರಮವೊಂದರಲ್ಲಿ ಅವರಾಡಿದ ಮಾತು ರಂಪವಾಗಿ, ಕೊನೆಗೆ ಅವರು ಕ್ಷಮೆ ಕೇಳಿದ್ದು ನಿಮಗೂ ಗೊತ್ತಿರಬಹುದು. ನನಗೂ ಬೇಜಾರಾಗಿತ್ತು. ಆದರೆ ಪಟ್ಟಿಯಿಂದ ಹಾಡನ್ನು ತೆಗೆಯಲಿಲ್ಲ. ಅವರ ‘ಳ’ ಎಲ್ಲಿ ಸರಿಯಾಗಿ ಬಿದ್ದಿದೆ, ಎಲ್ಲಿ ಜಾರಿದೆ ಎಂದು ಕಿವಿಗೊಟ್ಟು ಕೇಳಿ. ಅಷ್ಟು ಗುರುತಿಸಲು ಬಂದರೆ ನಿಮ್ಮ ಕಿವಿ ಪಾಸಾಯಿತು.

ಎಷ್ಟು ಹಾಡು ಇರಬೇಕು? ನಮ್ಮ ಕಾಲದಲ್ಲಿ ಇದನ್ನು ಕ್ಯಾಸೆಟ್ಟೇ ತೀರ್ಮಾನ ಮಾಡುತ್ತಿತ್ತು. ಚೀಟಿಯಲ್ಲಿ ಹಾಡುಗಳನ್ನು ಬರೆದು, ಖಾಲಿ ಕ್ಯಾಸೆಟ್ಟಿನ ಜೊತೆ ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು ಬರುತ್ತಿದ್ದೆವು. ಅರವತ್ತು ನಿಮಿಷದ್ದಾದರೆ ಒಂದು ಸೈಡಿಗೆ ಆರು, ಹೆಚ್ಚೆಂದರೆ ಏಳು. ಏಳನೆಯದು ಎಷ್ಟೋ ಸಲ ಚರಣದ ನಡುವೆ ಕಟ್ ಆಗುತ್ತಿತ್ತು. ಈಗ ಮಿತಿ ಇಲ್ಲದ್ದರಿಂದ ಇನ್ನೂರು ಹಾಡು ತುಂಬಿಸಿ ಒಂದನ್ನೂ ಪೂರ್ತಿ ಕೇಳದವರೇ ಜಾಸ್ತಿ. ನೀವು ಒಂದು ಸೈಡಿನಷ್ಟೇ ಮಾಡಿ, ಆರು ಹಾಡು. ಮಾರತಹಳ್ಳಿ ಸೇತುವೆಯಿಂದ ಮನೆಗೆ ಬರುವಷ್ಟರಲ್ಲಿ ಮುಗಿಯುತ್ತದೆ. ಮಳೆ ಹಿಡಿದುಕೊಂಡ ದಿನ ಮೂರು ಸಲ ಮುಗಿಯುತ್ತದೆ. ಮಳೆ ‘ಹಿಡಿಯುತ್ತದೆ’, ಆಮೇಲೆ ‘ಬಿಡುತ್ತದೆ’. ಇದನ್ನೂ ನೋಟ್ಸಿನಲ್ಲಿ ಬರೆದುಕೊಳ್ಳಿ.

ಐದು ನಾನು ಹೇಳಿದ್ದಾಯಿತು, ಮಾದಪ್ಪನನ್ನೂ ಎಣಿಸಿದರೆ. ಆರನೆಯದನ್ನು ನೀವೇ ಹುಡುಕಿಕೊಂಡು ಬನ್ನಿ, ಕನ್ನಡ ಅಕ್ಷರದಲ್ಲೇ ಹುಡುಕಿ. ಮುಂದಿನ ತಿಂಗಳ ಪದ ‘ಕೆರೆ’, ದೊಡ್ಡನೆಕ್ಕುಂದಿ ಕೆರೆಯ ದಡದಲ್ಲೇ ಕ್ಲಾಸು. ಆ ಪದಕ್ಕೆ ತುರಿಸಿಕೊಳ್ಳುವುದು ಎಂಬ ಅರ್ಥವೂ ಇದೆ. ಸಂಜೆ ಸೊಳ್ಳೆ ಶುರುವಾಗುವ ಹೊತ್ತಿಗೆ ಬಂದರೆ ಎರಡನ್ನೂ ಒಟ್ಟಿಗೇ ಕಲಿಯಬಹುದು.